ಮಳೆಗಾಲದಲ್ಲಿ ವಯಸ್ಸಾದ ನಾಯಿಗೆ ಡ್ರೈ ಫುಡ್ಡಾ, ವೆಟ್ ಫುಡ್ಡಾ?

ನಾಪೋಕ್ಲು ಹುಡುಗಿ:
ನಮ್ಮನೆ ಜೂಲಿ ಲ್ಯಾಬ್ರಡಾರ್, 9 ವರ್ಷ, 30 ಕೆಜಿ. ಮೊದಲಿಂದಲೂ ಡ್ರೈ ಫುಡ್ (ಚೀಲದಲ್ಲಿ ಬರೋ ಒಣ ಕಾಳು) ತಿಂದೇ ಗಟ್ಟಿಯಾಗಿದ್ದಾಳೆ. ಈ ಮಳೆ ಹಿಡಿದ ಮೇಲೆ ತಟ್ಟೆ ಮೂಸಿ ಹಾಗೇ ಹೋಗಿ ಮಲಗುತ್ತಾಳೆ. ಅಂಗಡಿಯವರು "ಒಣ ಕಾಳು ಕಿಡ್ನಿಗೆ ಕೆಟ್ಟದ್ದು, ಪೂರ್ತಿ ವೆಟ್ ಫುಡ್, ಅಂದರೆ ಗ್ರೇವಿ ಪೌಚ್ ಮಾಡಿ" ಅಂದರು. ಪಕ್ಕದ ತೋಟದ ಅಂಕಲ್ "ಮೆತ್ತಗಿನದು ಕೊಟ್ಟರೆ ಹಲ್ಲು ಹಾಳು" ಅಂತಾರೆ. ಪೌಚ್ ಮೇಲೆ ನೋಡಿದರೆ ಪ್ರೋಟೀನ್ ಬರೀ 8%, ಡ್ರೈ ಚೀಲದ ಮೇಲೆ 24%. ಏನು ಮಾಡಲಿ?

ಸುಂಟಿಕೊಪ್ಪ ರೈಡರ್:
ಎರಡೂ ಬೇಡ ಅಕ್ಕಾ. ನಮ್ಮ ನಾಯಿಗೆ ನಮ್ಮ ಕೊಡಗಿನ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ಭಾನುವಾರ ಪಂದಿ ಕರಿ (ಹಂದಿ ಸಾರು) ಉಳಿದದ್ದು. ಕುದುರೆ ಥರ ಓಡುತ್ತೆ.

ಪೊನ್ನಂಪೇಟೆ ತೋಟದವ:
ಪಂದಿ ಕರಿ ವಿಷಯ ಮೊದಲು ಹೇಳಿಬಿಡ್ತೀನಿ. ಅದರಲ್ಲಿರೋ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತೆ. ಅಷ್ಟು ಕೊಬ್ಬು ಒಟ್ಟಿಗೆ ಹೋದರೆ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಊದಿಕೊಳ್ಳಬಹುದು. ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತೆ. ಹಬ್ಬದ ದಿನ ನಾಯಿಯನ್ನು ಅಡುಗೆಮನೆಯಿಂದ ದೂರ ಕಟ್ಟಿ ಹಾಕಿ, ಸಾಕು.

ಇನ್ನು ನಿಮ್ಮ ಪ್ರಶ್ನೆ. ಆ 8 ಮತ್ತು 24ನ್ನು ಹಾಗೇ ಹೋಲಿಸಬಾರದು. ಪೌಚ್‌ನಲ್ಲಿ ಸುಮಾರು 80% ನೀರೇ ಇರುತ್ತೆ. ನೀರು ತೆಗೆದರೆ ಉಳಿಯೋದು 20 ಭಾಗ, ಅದರಲ್ಲಿ 8 ಪ್ರೋಟೀನ್, ಅಂದರೆ 40%. ಡ್ರೈ ಫುಡ್‌ನಲ್ಲಿ ನೀರು 10% ಲೆಕ್ಕ ಹಿಡಿದರೆ 27% ಹತ್ತಿರ ಬರುತ್ತೆ.

ಹಾಗಂತ ಪೂರ್ತಿ ಪೌಚ್ ಮಾಡಿದರೆ ಜೇಬು ಖಾಲಿ. 30 ಕೆಜಿ ನಾಯಿಗೆ ದಿನಕ್ಕೆ ಸುಮಾರು 1200 ಕ್ಯಾಲೊರಿ ಬೇಕು. 100 ಗ್ರಾಂ ಗ್ರೇವಿಯಲ್ಲಿ ಸಿಗೋದು 90ರ ಆಸುಪಾಸು. ದಿನಕ್ಕೆ ಹದಿಮೂರು ಪೌಚ್! ಅಂಗಡಿಯವರಿಗೆ ಖುಷಿಯಾಗದೆ ಇರುತ್ತಾ? ಅದರ ಮೇಲೆ ಕೆಲವು ಪೌಚ್ ಬರೀ ರುಚಿಗೆ ಮಾಡಿದ್ದು. ಕವರ್ ಮೇಲೆ 'ಕಂಪ್ಲೀಟ್' ಅಂತ ಇಲ್ಲದಿದ್ದರೆ ಅದೊಂದನ್ನೇ ಊಟವಾಗಿ ಕೊಡಬೇಡಿ.

ಕಿಡ್ನಿ ಚೆನ್ನಾಗಿದ್ದು, ನೀರು ಸರಿಯಾಗಿ ಕುಡಿಯೋ ನಾಯಿಗೆ ಒಣ ಕಾಳಿನಿಂದ ಕಿಡ್ನಿ ಹಾಳಾಗಲ್ಲ. ಮೂತ್ರಕೋಶದಲ್ಲಿ ಕಲ್ಲು ಇದ್ದರೆ, ಕಿಡ್ನಿ ಈಗಾಗಲೇ ಸೋತಿದ್ದರೆ ಒದ್ದೆ ಆಹಾರ ನಿಜವಾಗಿ ಉಪಯೋಗ. ಹಲ್ಲಿನ ಮಾತೂ ಅರ್ಧ ಸುಳ್ಳು. ಕಾಳು ಕಡಿದಾಕ್ಷಣ ಪುಡಿಯಾಗುತ್ತೆ, ಹಲ್ಲು ಉಜ್ಜಲ್ಲ. ನಾಯಿಗಳ ಪೇಸ್ಟ್ ಸಿಗುತ್ತೆ, ಬ್ರಷ್ ಮಾಡಿ. ನಮ್ಮ ಪೇಸ್ಟ್ ಹಾಕಬೇಡಿ.

ನನಗೆ ಅನುಮಾನ ಇರೋದು ನಿಮ್ಮ ಚೀಲದ ಮೇಲೆ. ನಾಪೋಕ್ಲು ಮಳೆ ಕೇಳಬೇಕಾ? ಗೋಡೆಯೇ ಬೆವರುತ್ತೆ. ಬಾಯಿ ತೆರೆದಿಟ್ಟ ಚೀಲದಲ್ಲಿ ಮೊದಲು ಕೊಬ್ಬು ಕಮಟು ವಾಸನೆ ಬರುತ್ತೆ, ಆಮೇಲೆ ಬೂಸ್ಟು. ನಮಗೆ ಗೊತ್ತಾಗೋ ಮೊದಲೇ ನಾಯಿ ಮೂಗಿಗೆ ಗೊತ್ತಾಗಿರುತ್ತೆ. ಕೆಲವು ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರುತ್ತೆ, ಲಿವರ್ ಕೆಡಿಸುತ್ತೆ. ಬಿಸಿ ಮಾಡಿದರೂ ಅದು ಹೋಗಲ್ಲ. ಒಲೆ ಅಟ್ಟದ ಮೇಲೆ ಒಣಗಿಸಿ ಕೊಡೋಣ ಅಂತ ಮನೆಯಲ್ಲಿ ಯಾರಾದರೂ ಹೇಳಿದರೆ ಒಪ್ಪಬೇಡಿ, ಎಸೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಣ್ಣ ಚೀಲವನ್ನೇ ತನ್ನಿ. ಕಾಳನ್ನು ಡಬ್ಬಕ್ಕೆ ಸುರಿಯಬೇಡಿ, ಚೀಲದ ಸಮೇತ ಬಿಗಿ ಮುಚ್ಚಳದ ಡಬ್ಬದೊಳಗೆ ಇಡಿ.

ಪೌಚ್ ತೆರೆದಮೇಲೆ ಫ್ರಿಜ್ ಬೇಕೇ ಬೇಕು. ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತೋ ದೇವರಿಗೇ ಗೊತ್ತು. ಅದಕ್ಕೇ ನಮ್ಮನೆಯಲ್ಲಿ ಕಾಳಿಗೆ ಉಗುರುಬೆಚ್ಚನೆ ನೀರು ಹಾಕಿ, ಒಂದೇ ಸಲಕ್ಕೆ ಮುಗಿಯೋ ಸಣ್ಣ ಪೌಚ್ ಕಲಸಿ ಕೊಡ್ತೀವಿ. ನಮ್ಮ ನಾಯಿ 'ಕರಿಯ' ತಟ್ಟೆ ನೆಕ್ಕಿ ಇಡ್ತಾನೆ. ತಿನ್ನದೆ ಬಿಟ್ಟರೆ ಒಂದು ಗಂಟೆಯೊಳಗೆ ತೆಗೆದುಬಿಡಿ.

ಕುಶಾಲನಗರ ಮನು:
ಊಟ ಬಿಟ್ಟಿದ್ದಾಳೆ ಅಂದರೆ ಉಣ್ಣಿ ಹುಳ ಕಚ್ಚಿ ಬರೋ ಜ್ವರವೂ ಇರಬಹುದು. ವಸಡು ಬಿಳುಚಿದೆಯಾ ನೋಡಿ. ಡಾಕ್ಟರ್ ಹತ್ತಿರ ಹೋದಾಗ ರಕ್ತ ಪರೀಕ್ಷೆ ಮಾಡಿಸಿಬಿಡಿ.

ನಾಪೋಕ್ಲು ಹುಡುಗಿ:
ತೋಟದ ಅಣ್ಣಾ, ಚೀಲದ ತಳದಲ್ಲಿ ಕಾಳು ಗಂಟು ಕಟ್ಟಿದೆ! ಎಸೆದೆ. ರಕ್ತ ಪರೀಕ್ಷೆ ಸರಿ ಬಂತು. ಆದರೆ ಒಂದು ದವಡೆ ಹಲ್ಲು ಅಲುಗಾಡ್ತಿದೆಯಂತೆ, ತೆಗೆಯೋವರೆಗೆ ಮೆತ್ತಗೆ ಕೊಡಿ ಅಂದರು. ಒಂದು ಪೌಚ್ ಹಾಕಿದರೆ ಕಾಳು ಎಷ್ಟು ಕಡಿಮೆ ಮಾಡಲಿ?

ಪೊನ್ನಂಪೇಟೆ ತೋಟದವ:
100 ಗ್ರಾಂ ಪೌಚ್‌ಗೆ ಕಾಳು 25 ಗ್ರಾಂ ತೆಗೆಯಿರಿ. ಲ್ಯಾಬ್ರಡಾರ್ ಅಲ್ವಾ, ಬೇಗ ದಪ್ಪ ಆಗ್ತಾಳೆ, ಕಣ್ಣಳತೆ ಬೇಡ, ತಕ್ಕಡಿಯಲ್ಲೇ ತೂಗಿ. ಹೊಸ ರುಚಿಯನ್ನು ಒಂದು ವಾರದಲ್ಲಿ ನಿಧಾನಕ್ಕೆ ಜಾಸ್ತಿ ಮಾಡುತ್ತಾ ಹೋಗಿ, ಇಲ್ಲಾಂದ್ರೆ ಭೇದಿ ಗ್ಯಾರಂಟಿ.