ಅಜ್ಜ ಅಡಿಕೆ ಬೇಯಿಸುವ ಫೋಟೋ: ಒಳ್ಳೆಯ ಫೋಟೋ ಅಂದರೆ ಯಾವುದು?

ಹೊಳೆಬದಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ, ಕೆಲಸ ಬೆಂಗಳೂರಿನಲ್ಲಿ. ಹೋದ ವಾರ ಅಡಿಕೆ ಕೊಯ್ಲಿಗೆ ಅಂತ ಮನೆಗೆ ಹೋಗಿದ್ದೆ. ಬೆಳಿಗ್ಗೆ ಏಳೂವರೆ ಹೊತ್ತಿಗೆ ಅಜ್ಜ ಅಂಗಳದ ಒಲೆಯ ಮೇಲೆ ತಾಮ್ರದ ಹಂಡೆ ಇಟ್ಟು, ಸುಲಿದ ಅಡಿಕೆಯನ್ನು ಚೊಗರಿನಲ್ಲಿ, ಅಂದರೆ ಅಡಿಕೆಯ ಬಣ್ಣ ಬಿಟ್ಟ ನೀರಿನಲ್ಲಿ, ಬೇಯಿಸುತ್ತಿದ್ದರು. ಒಂದು ಅಡಿಕೆ ಎತ್ತಿ, ಊದಿ, ಕಣ್ಣಿನ ಹತ್ತಿರ ಹಿಡಿದು ಬೆಂದಿದೆಯಾ ಅಂತ ನೋಡಿದರು. ಸುತ್ತ ಹಬೆ. ನನಗೆ ಮೈ ಜುಮ್ ಅಂತು. ಒಳಗೆ ಓಡಿ ಮೊಬೈಲ್ ತಂದೆ.

ಎರಡು ಫೋಟೋ ಹಾಕಿದ್ದೇನೆ. ಮೊದಲನೆಯದು ಮೊಬೈಲಿನದು. ಅಜ್ಜ, ಹಂಡೆ, ಅಡಿಕೆ ಒಣಗಿಸುವ ಅಟ್ಟ, ತೋಟ, ಎಲ್ಲವೂ ಸ್ಪಷ್ಟವಾಗಿ ಬಂದಿದೆ. ಎರಡನೆಯದು ಗೆಳತಿಯ ಕ್ಯಾಮೆರಾದಲ್ಲಿ, 50 ಎಂಎಂ ಲೆನ್ಸ್, ಅಪರ್ಚರ್ (ಬೆಳಕು ಒಳಗೆ ಬರುವ ಕಿಂಡಿ) 1.8. ಅಜ್ಜ ನನ್ನ ಕಡೆ ನೋಡಿ ನಗುತ್ತಿದ್ದಾರೆ, ಹಿಂದಿನದೆಲ್ಲ ಮಸುಕು. ಮನೆಯವರೆಲ್ಲ ಎರಡೂ ಚೆನ್ನಾಗಿದೆ ಅಂದರು. ಆದರೆ ನನಗೆ ಆ ಬೆಳಗು ಎರಡರಲ್ಲೂ ಕಾಣುತ್ತಿಲ್ಲ. ಹಬೆಯೂ ಇಲ್ಲ! ಅಣ್ಣ ಒಂದೂವರೆ ಲಕ್ಷದ ಕ್ಯಾಮೆರಾ ತಗೋ ಅಂತಿದ್ದಾನೆ. ತಪ್ಪು ಕ್ಯಾಮೆರಾದ್ದಾ, ನನ್ನದಾ? ಒಳ್ಳೆಯ ಫೋಟೋ ಅಂದರೆ ನಿಜಕ್ಕೂ ಏನು?

ಹಳೇರೀಲು ಬರೆದದ್ದು:

ತಂಗೀ, ನಾನು 1984ರಲ್ಲಿ ಸಾಗರದಲ್ಲಿ ಸ್ಟುಡಿಯೋ ಶುರು ಮಾಡಿದವನು. ಈಗ ಮುಚ್ಚಿ ಆರು ವರ್ಷ ಆಯಿತು. ನಿಮ್ಮ ಎರಡೂ ಫೋಟೋ ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದೆ. ಆಮೇಲೆ ನಿಮ್ಮ ಪ್ರಶ್ನೆಯನ್ನು ಇನ್ನೊಮ್ಮೆ ಓದಿದೆ. ಒಳ್ಳೆಯ ಫೋಟೋ ನಿಮ್ಮ ಪ್ರಶ್ನೆಯಲ್ಲಿದೆ. ಅಡಿಕೆ ಎತ್ತಿದರು, ಊದಿದರು, ಕಣ್ಣಿನ ಹತ್ತಿರ ಹಿಡಿದರು. ಫೋಟೋದಲ್ಲಿ ಆ ಅಡಿಕೆ ಎಲ್ಲಿದೆ? ಮೊದಲನೆಯದರಲ್ಲಿ ಅಜ್ಜನ ಕೈ ಹಂಡೆಯ ಹಿಂದಿದೆ. ಎರಡನೆಯದರಲ್ಲಿ ಅವರು ಮೊಮ್ಮಗಳನ್ನು ನೋಡುತ್ತಿದ್ದಾರೆ, ಅಡಿಕೆಯನ್ನಲ್ಲ.

ನನ್ನ ಲೆಕ್ಕ ಇಷ್ಟೇ. ನೀವು ಯಾವುದನ್ನು ಕಂಡು ಕ್ಯಾಮೆರಾ ಎತ್ತಿದಿರೋ ಅದು ಫೋಟೋ ನೋಡಿದವರಿಗೂ ಕಾಣಬೇಕು. ಬೆಳಕು, ಫೋಕಸ್, ಚೌಕಟ್ಟು, ಎಲ್ಲ ಅದಕ್ಕೋಸ್ಕರ. ಆಗ ನನ್ನ ಹತ್ತಿರ ಯಾಶಿಕಾ ಮ್ಯಾಟ್ ಅನ್ನುವ ಫಿಲ್ಮ್ ಕ್ಯಾಮೆರಾ ಇತ್ತು. ಅದರ 120 ಫಿಲ್ಮ್ ರೋಲಿನಲ್ಲಿ ಹನ್ನೆರಡೇ ಫೋಟೋ. ಹನ್ನೆರಡೇ ಅಂದಾಗ, ಒತ್ತುವ ಮೊದಲು ಯಾಕೆ ಒತ್ತುತ್ತಿದ್ದೇನೆ ಅಂತ ಯೋಚನೆ ತಾನಾಗಿ ಬರುತ್ತಿತ್ತು.

ಒಂದು ಘಟನೆ ಹೇಳಬೇಕು. ಒಬ್ಬ ಹಿರಿಯರು ಫೋಟೋಕ್ಕೆ ಕೂತರು. ದೀಪ ಚೆನ್ನಾಗಿ ಹೊಂದಿಸಿದೆ. ಆಗ ನೆಗೆಟಿವ್ ಮೇಲೆ ಸಣ್ಣ ಮೊನೆಯ ಪೆನ್ಸಿಲಿನಿಂದ ತಿದ್ದುತ್ತಿದ್ದೆವು. ನೆಗೆಟಿವ್‌ನಲ್ಲಿ ಕಪ್ಪು ಬಿಳುಪು ಅದಲು ಬದಲಾಗಿರುತ್ತದೆ, ಹಾಗಾಗಿ ಮುಖದ ಸುಕ್ಕು ಅಲ್ಲಿ ತೆಳುವಾಗಿರುತ್ತದೆ. ಅಲ್ಲಿ ಪೆನ್ಸಿಲ್ ತುಂಬಿದರೆ ಪ್ರಿಂಟಿನಲ್ಲಿ ಬೆಳ್ಳಗಾಗಿ ಸುಕ್ಕು ಮಾಯ. ನಾನು ಒಂದು ಗಂಟೆ ಕೂತು ಸುಕ್ಕು ತೆಗೆದೆ, ಕೆನ್ನೆಯ ಮಚ್ಚೆಯನ್ನೂ ತೆಗೆದೆ. ಅವರು ತೀರಿಕೊಂಡ ಮೇಲೆ ಮಗ ಗೋಡೆಗೆ ಹಾಕಲು ದೊಡ್ಡ ಪ್ರಿಂಟ್ ಕೇಳಿಕೊಂಡು ಬಂದ. ನೋಡಿದವನೇ, "ಅಪ್ಪನ ಮಚ್ಚೆ ಎಲ್ಲಿ?" ಅಂದ. ಅವನ ಕಣ್ಣು ತುಂಬಿತ್ತು. ಅಷ್ಟು ದಿನ ಕಳೆದಿದ್ದರೂ ನೆಗೆಟಿವ್ ಒರೆಸಿ ಪೆನ್ಸಿಲ್ ತೆಗೆದು, ಕೆಂಪು ದೀಪದ ಕೆಳಗೆ ಮತ್ತೆ ಪ್ರಿಂಟ್ ಮಾಡಿದೆ. ಚಿತ್ರ ಮೂಡಿಸುವ ಡೆವಲಪರ್ ದ್ರಾವಣದ ತಟ್ಟೆಯಲ್ಲಿ ಮೊದಲು ಕಣ್ಣು, ಮೀಸೆ, ಆಮೇಲೆ ಆ ಮಚ್ಚೆ ನಿಧಾನಕ್ಕೆ ಎದ್ದು ಬಂತು. ಅವತ್ತಿನಿಂದ ಯಾರ ಮಚ್ಚೆಯನ್ನೂ ಮುಟ್ಟಲಿಲ್ಲ.

ಈಗ ನಿಮ್ಮ ಹಬೆ. ಸೂರ್ಯ ನಿಮ್ಮ ಬೆನ್ನಿಗಿದ್ದ, ಅದಕ್ಕೇ ಹಬೆ ಕಾಣಲಿಲ್ಲ. ಹಬೆ ಕಾಣಬೇಕಾದರೆ ಬೆಳಕು ಅದರ ಹಿಂದಿನಿಂದ ಬರಬೇಕು, ಅದರ ಹಿಂದೆ ಕಪ್ಪು ಇರಬೇಕು. ಚಳಿಗಾಲದಲ್ಲಿ ಸೂರ್ಯ ಆಗ್ನೇಯಕ್ಕೆ ವಾಲಿ ಹುಟ್ಟುತ್ತಾನೆ. ನೀವು ಹಂಡೆಯ ಇನ್ನೊಂದು ಬದಿಗೆ ಹೋಗಿ, ಸೂರ್ಯನ ಕಡೆ ಮುಖ ಮಾಡಿ ನಿಂತರೆ ಹಿಂದೆ ತೋಟದ ನೆರಳು ಸಿಗುತ್ತದೆ. ಸೂರ್ಯ ನೇರ ಲೆನ್ಸಿಗೆ ಬೀಳದ ಹಾಗೆ ಮಾಡಿನ ಅಂಚಿನಲ್ಲೋ ಮರದ ಹಿಂದೋ ಮರೆ ಮಾಡಿಕೊಳ್ಳಿ. ಅಜ್ಜನ ಮುಖ ಕಪ್ಪಾಗುತ್ತದೆ ಅನ್ನಿಸಿದರೆ ನೀವು ನಿಂತ ಬದಿಯ ತಂತಿಯ ಮೇಲೆ ಒಂದು ಬಿಳಿ ಪಂಚೆ ಹರವಿ. ಬೆಳಕು ಅದಕ್ಕೆ ಬಡಿದು ಮುಖಕ್ಕೆ ತಿರುಗುತ್ತದೆ. ಸ್ಟುಡಿಯೋದಲ್ಲಿ ಇದೇ ಕೆಲಸಕ್ಕೆ ಥರ್ಮಾಕೋಲ್ ಹಲಗೆ ಇಡುತ್ತಿದ್ದೆವು.

ಮೊಬೈಲ್ ಆದರೆ ಇನ್ನೊಂದು ವಿಷಯ. ಅದು ಕಪ್ಪು ಕಂಡಲ್ಲೆಲ್ಲ ತಾನೇ ಬೆಳಕು ತುಂಬುತ್ತದೆ. ಅಜ್ಜನ ಮುಖದ ಮೇಲೆ ಬೆರಳು ಒತ್ತಿ ಹಿಡಿದು, ಬೆಳಕಿನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಕ್ಯಾಮೆರಾ ಆದರೆ ಅಪರ್ಚರ್ 1.8 ಬೇಡ. ಅಷ್ಟು ಹತ್ತಿರದಿಂದ ಎರಡು ಮೂರು ಅಂಗುಲದಷ್ಟೇ ಸ್ಪಷ್ಟ ಬರುತ್ತದೆ. ಕಣ್ಣು ಬಂದರೆ ಅಡಿಕೆ ಬರುವುದಿಲ್ಲ. 5.6ಕ್ಕೆ ಇಟ್ಟರೆ ಹತ್ತಿರ ಹತ್ತಿರ ಒಂದು ಗೇಣು ಸಿಗುತ್ತದೆ, ಕಣ್ಣು ಕೈ ಎರಡಕ್ಕೂ ಸಾಕು. ಮೊದಲ ಫೋಟೋದ ಎಡ ಮೂಲೆಯಲ್ಲಿ ನೀಲಿ ಡ್ರಮ್ ಇದೆ, ನೋಡಿದಿರಾ? ಕಣ್ಣು ಸೀದಾ ಅಲ್ಲಿಗೇ ಹೋಗುತ್ತದೆ. ಎರಡು ಹೆಜ್ಜೆ ಬಲಕ್ಕೆ ಬಂದಿದ್ದರೆ ಹಂಡೆಯೇ ಅದನ್ನು ಮುಚ್ಚುತ್ತಿತ್ತು. ಒಂದೂವರೆ ಲಕ್ಷ ಇಟ್ಟುಕೊಳ್ಳಿ ತಂಗೀ.

ಮಿಂಚುಳ್ಳಿ ಬರೆದದ್ದು:

ಹಳೇರೀಲು ಸರ್ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ನಾನು ಹಕ್ಕಿ ಫೋಟೋ ತೆಗೆಯುವವನು. ಮಿಂಚುಳ್ಳಿ ಮೀನಿಗೆ ಹಾರಿದ ಮೇಲೆ ಅದರ ಹಿಂದೆ ಕ್ಯಾಮೆರಾ ತಿರುಗಿಸಿದರೆ ಸಿಗುವುದಿಲ್ಲ. ಅದು ಸಾಮಾನ್ಯವಾಗಿ ಅದೇ ಕೊಂಬೆಗೆ ವಾಪಸ್ ಬರುತ್ತದೆ. ಕೊಂಬೆಗೆ ಫೋಕಸ್ ಮಾಡಿ ಸುಮ್ನೆ ಕೂರಬೇಕು. ನಿಮ್ಮ ಅಜ್ಜ ಒಂದೇ ಸಲ ಅಡಿಕೆ ನೋಡುವುದಿಲ್ಲ ಅಲ್ವಾ? ಎಷ್ಟು ಹೊತ್ತಿಗೊಮ್ಮೆ ಎತ್ತುತ್ತಾರೆ, ಯಾವ ಕೈಯಲ್ಲಿ, ಯಾವ ಕಣ್ಣಿಗೆ ಹಿಡಿಯುತ್ತಾರೆ, ಒಂದು ದಿನ ಕ್ಯಾಮೆರಾ ಇಲ್ಲದೆ ನೋಡಿ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರ ಕಾಡಿನ ಫೋಟೋಗಳನ್ನು ನೋಡಿದರೆ ನನಗೆ ಮೊದಲು ಕಾಣುವುದೇ ಈ ತಾಳ್ಮೆ. ಮತ್ತೆ, ಅಜ್ಜ ಕೂತಿದ್ದರೆ ನೀವೂ ಕೂತುಕೊಳ್ಳಿ. ಮೇಲಿನಿಂದ ತೆಗೆದರೆ ಮುಖಕ್ಕಿಂತ ನೆತ್ತಿಯೇ ಜಾಸ್ತಿ ಬರುತ್ತದೆ.

ಧಾರವಾಡದ ಮೇಷ್ಟ್ರು ಬರೆದದ್ದು:

1936ರಲ್ಲಿ ಅಮೆರಿಕದ ಡೊರೊಥಿಯಾ ಲ್ಯಾಂಗ್ ಕ್ಯಾಲಿಫೋರ್ನಿಯಾದ ನಿಪೊಮೊದಲ್ಲಿ ಕೂಲಿ ಹೆಂಗಸೊಬ್ಬಳ ಫೋಟೋ ತೆಗೆದರು. ಬಟಾಣಿ ಕೀಳಲು ಬಂದವರ ಬಿಡಾರ ಅದು. ಜಗತ್ತೇ ನೋಡಿದ ಫೋಟೋ. ಆದರೆ ಅವರು ತೆಗೆದದ್ದು ಅದೊಂದೇ ಅಲ್ಲ. ದೂರದಿಂದ ತೆಗೆದದ್ದರಲ್ಲಿ ಗುಡಾರ, ಪೆಟ್ಟಿಗೆ, ಸಾಮಾನು ಎಲ್ಲ ಇದೆ. ಹತ್ತಿರ ಹೋದ ಹಾಗೆ ಒಂದೊಂದೇ ಚೌಕಟ್ಟಿನಿಂದ ಹೊರಗೆ ಹೋಗಿ, ಕೊನೆಗೆ ತಾಯಿ, ಅವಳ ಹೆಗಲಿಗೆ ಮುಖ ಮುಚ್ಚಿಕೊಂಡ ಇಬ್ಬರು ಮಕ್ಕಳು, ಮಡಿಲಿನ ಕೂಸು ಮಾತ್ರ ಉಳಿದರು. ನಿಮ್ಮ ನೀಲಿ ಡ್ರಮ್ಮಿಗೆ ಇದೇ ಉತ್ತರ.

ಆದರೆ ಇನ್ನೊಂದು ಮುಖವನ್ನೂ ಹೇಳದೆ ಇರಲಾರೆ. ಆ ತಾಯಿಯ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಜನಕ್ಕೆ ಗೊತ್ತಾಗಿದ್ದು 1978ರಲ್ಲಿ. ಆ ಫೋಟೋದಿಂದ ಅವರಿಗೆ ಒಂದು ಕಾಸೂ ಬಂದಿರಲಿಲ್ಲ, ಅದರ ಬಗ್ಗೆ ಅವರಿಗೆ ಬೇಸರವಿತ್ತು. ಅದಕ್ಕೇ ನಾನು ಮಕ್ಕಳಿಗೆ ಹೇಳುವುದು: ತೆಗೆದ ಫೋಟೋವನ್ನು ಅದರಲ್ಲಿರುವವರಿಗೆ ಮೊದಲು ತೋರಿಸಿ. ತಂಗೀ, ಇಲ್ಲಿ ಹಾಕುವ ಮೊದಲು ಅಜ್ಜನಿಗೆ ತೋರಿಸಿದ್ದಿರಾ?

ಹೊಳೆಬದಿ ಬರೆದದ್ದು:

ತೋರಿಸಿರಲಿಲ್ಲ ಸರ್. ಓದಿ ಸಂಕಟ ಆಯಿತು. ಅವತ್ತೇ ಫೋನ್ ಮಾಡಿ ಕೇಳಿದೆ. ಹಾಕಿದರೆ ಹಾಕು ಅಂದರು.

ಈ ಶನಿವಾರ ಮತ್ತೆ ಮನೆಗೆ ಹೋದೆ. ಮೊದಲ ದಿನ ಕ್ಯಾಮೆರಾ ಮುಟ್ಟಲಿಲ್ಲ. ಅಜ್ಜನ ಪಕ್ಕ ಮಣೆ ಹಾಕಿಕೊಂಡು ಕೂತೆ. ಅವರು ಯಾವಾಗಲೂ ಎಡಗೈಯಲ್ಲಿ ಅಡಿಕೆ ಹಿಡಿಯುತ್ತಾರೆ, ಬಲಗಣ್ಣಿಗೆ. ಎಡಗಣ್ಣು ಸ್ವಲ್ಪ ಮುಚ್ಚುತ್ತಾರೆ. ಇಷ್ಟು ವರ್ಷ ಅದೇ ಅಂಗಳದಲ್ಲಿ ಆಡಿದ್ದೇನೆ, ಇದನ್ನು ನೋಡಿರಲೇ ಇಲ್ಲ.

ಭಾನುವಾರ ಸೂರ್ಯನ ಕಡೆ ಮುಖ ಮಾಡಿ ಕೂತೆ. ಪಂಚೆ ಹರವಿದೆ. ನೀಲಿ ಡ್ರಮ್ ಚೌಕಟ್ಟಿನಿಂದ ಹೊರಗೆ ಹೋಯಿತು. ಅಪರ್ಚರ್ 5.6. ಮೂರು ಸಲ ತಪ್ಪಿತು, ಒಮ್ಮೆ ಹಬೆ ಮುಖವನ್ನೇ ಮುಚ್ಚಿತು. ನಾಲ್ಕನೇ ಸಲ ಸಿಕ್ಕಿತು. ಹಬೆ ಬೆಳ್ಳಗೆ ಮೇಲೇಳುತ್ತಿದೆ, ಚೊಗರು ಹಿಡಿದು ಕಪ್ಪಾದ ಹೆಬ್ಬೆರಳು, ಅದರ ತುದಿಯಲ್ಲಿ ಅಡಿಕೆ.

ಸಂಜೆ ಅಜ್ಜನಿಗೆ ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. ತಮ್ಮ ಮುಖದ ಬಗ್ಗೆ ಒಂದು ಮಾತೂ ಆಡಲಿಲ್ಲ. ಪರದೆಯ ಮೇಲೆ ಬೆರಳಿಟ್ಟು, "ಇದು ಇನ್ನೂ ಬೆಂದಿರಲಿಲ್ಲ ನೋಡು" ಅಂದರು.