ಟೈ ರಾಡ್ ಎಂಡ್ ಬದಲಿಸಿದ ಮೇಲೆ ಗಾಡಿ ಅಲೆಯುತ್ತಿದೆ – ಮನೆಯಲ್ಲೇ ಟೋ ಸರಿಮಾಡೋದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು ಫೋರ್-ವೀಲ್ ಡ್ರೈವ್ ಪಿಕಪ್ ಟ್ರಕ್. ಮುಂದೆ ಸಾಲಿಡ್ ಆಕ್ಸಲ್, ಲೀಫ್ ಸ್ಪ್ರಿಂಗ್. ಟೈ ರಾಡ್ (ಎರಡು ಮುಂದಿನ ಚಕ್ರಗಳನ್ನು ಜೋಡಿಸೋ ಸರಳು) ಇರೋದು ಆಕ್ಸಲ್‌ನ ಹಿಂದೆ. ಅದರ ಎರಡೂ ತುದಿಯ ಜಾಯಿಂಟ್‌ಗಳಲ್ಲಿ, ಅಂದರೆ ಟೈ ರಾಡ್ ಎಂಡ್‌ನಲ್ಲಿ, ಪ್ಲೇ (ಸಡಿಲ) ಬಂದಿತ್ತು, ಹೋದ ತಿಂಗಳು ನಾನೇ ಬಿಚ್ಚಿ ಹೊಸದು ಹಾಕಿದೆ. ಹಳೇದು ಎಷ್ಟು ಸುತ್ತಿಗೆ ಹೊರಬಂತು ಅಂತ ಎಣಿಸಿಟ್ಟುಕೊಂಡು ಹೊಸದನ್ನೂ ಅಷ್ಟೇ ಸುತ್ತು ಒಳಗೆ ಕೂರಿಸಿದ್ದೆ.

ಅವತ್ತಿನಿಂದ ಗಾಡಿ ನೆಟ್ಟಗೆ ಹೋಗ್ತಿಲ್ಲ. ಒಂದೇ ಕಡೆ ಎಳೆಯೋದಲ್ಲ, ಆ ಕಡೆ ಈ ಕಡೆ ಅಲೆಯುತ್ತೆ. ಸ್ಟೇರಿಂಗನ್ನು ಸದಾ ತಿದ್ದುತ್ತಾ ಇರಬೇಕು. ನೇರ ರಸ್ತೆಯಲ್ಲೂ ಸ್ಟೇರಿಂಗ್ ಸ್ವಲ್ಪ ಓರೆ. ಟೈರಿನ ಒಳ ಅಂಚು ಸವೆಯುತ್ತಿದೆ. ಟ್ರೆಡ್ ಮೇಲೆ ಹೊರಗಿನಿಂದ ಒಳಕ್ಕೆ ಕೈ ಸವರಿದರೆ ಗರಗಸದ ಹಲ್ಲಿನ ಹಾಗೆ ತಡೆಯುತ್ತೆ, ಒಳಗಿನಿಂದ ಹೊರಕ್ಕೆ ಸವರಿದರೆ ನುಣ್ಣಗಿದೆ.

ಜ್ಯಾಕ್ ಇಳಿಸಿ ಟೇಪ್ ಹಿಡಿದು ರಿಮ್ಮಿನಿಂದ ರಿಮ್ಮಿಗೆ ಟೋ ನಾಲ್ಕು ಸಲ ಅಳೆದೆ (ಎರಡು ಮುಂದಿನ ಚಕ್ರಗಳ ನಡುವಿನ ಅಂತರ ಹಿಂಭಾಗಕ್ಕಿಂತ ಮುಂಭಾಗದಲ್ಲಿ ಕಮ್ಮಿ ಇದ್ದರೆ ಟೋ-ಇನ್, ಜಾಸ್ತಿ ಇದ್ದರೆ ಟೋ-ಔಟ್). 2 ಮಿ.ಮೀ. ಟೋ-ಇನ್, ಆಮೇಲೆ 5 ಟೋ-ಔಟ್, 1 ಟೋ-ಔಟ್, 8 ಟೋ-ಔಟ್. ಯಾವುದನ್ನು ನಂಬಲಿ? ಸ್ಟೇರಿಂಗ್ ವೀಲ್ ಬಿಚ್ಚಿ ಒಂದು ಹಲ್ಲು ಸರಿಸಿ ಹಾಕಿದರೆ ಓರೆಯಾದರೂ ಹೋಗುತ್ತಾ?

ಉತ್ತರ 1

ಸರ್, ಸ್ಟೇರಿಂಗ್ ವೀಲ್ ಮುಟ್ಟಬೇಡಿ. ಅದು ಓರೆಯಾಗಿರೋದು ಕೆಳಗಿನ ತಪ್ಪನ್ನು ತೋರಿಸುತ್ತಿದೆ ಅಷ್ಟೇ.

ನಿಮ್ಮ ಕೈಗೆ ಸಿಕ್ಕ ಗುರುತು ಟೋ-ಔಟ್‌ನದೇ. ಟೋ-ಇನ್ ಜಾಸ್ತಿಯಾಗಿದ್ದರೆ ಹೊರ ಅಂಚು ಸವೆಯುತ್ತಿತ್ತು, ಹಲ್ಲು ಉಲ್ಟಾ ದಿಕ್ಕಿಗೆ ತಾಗುತ್ತಿತ್ತು. ಇನ್ನು ಸುತ್ತು ಎಣಿಸಿದ ವಿಚಾರ. ಅಂದಾಜಿಗೆ ಥ್ರೆಡ್ಡಿನ ಪಿಚ್ (ಒಂದು ಸುತ್ತಿಗೆ ಸರಿಯೋ ದೂರ) 1.5 ಮಿ.ಮೀ., ಸ್ಟೇರಿಂಗ್ ಆರ್ಮ್ (ಟೈ ರಾಡ್ ಕೂರೋ, ಚಕ್ರ ತಿರುಗಿಸೋ ತೋಳು) 160 ಮಿ.ಮೀ., ಟೈರಿನ ಎತ್ತರ 760 ಮಿ.ಮೀ. ಅಂತ ಇಟ್ಟುಕೊಳ್ಳಿ. ಟೈ ರಾಡ್ ಉದ್ದ 1 ಮಿ.ಮೀ. ಬದಲಾದರೆ ಟೈರಿನ ಹತ್ತಿರ ಸುಮಾರು 4.75 ಮಿ.ಮೀ. ವ್ಯತ್ಯಾಸ ಬರುತ್ತೆ. ಒಂದೇ ಒಂದು ಸುತ್ತು ಎಣಿಕೆ ತಪ್ಪಿದರೆ 7 ಮಿ.ಮೀ. ಆಯಿತು! ಎಣಿಕೆ ಸರಿಯಿದ್ದರೂ ಹೊಸ ಎಂಡ್‌ನ ಉದ್ದ ಹಳೆಯದಕ್ಕಿಂತ ಕೂದಲೆಳೆಯಷ್ಟು ಬೇರೆ ಇದ್ದರೆ ಸಾಕು. ಸುತ್ತು ಎಣಿಸೋದು ಗಾಡಿಯನ್ನು ನಿಧಾನವಾಗಿ ಒಂದು ರೌಂಡ್ ಓಡಿಸೋ ಮಟ್ಟಿಗೆ ಸರಿ. ಅದಾದ ಮೇಲೆ ಅಳೆಯಲೇಬೇಕು.

ಉತ್ತರ 2

ಅಳತೆ ದಿನಕ್ಕೊಂದು ಬರ್ತಿದ್ದರೆ ಟೈ ರಾಡ್ ತಿರುಗಿಸೋದು ಕತ್ತಲಲ್ಲಿ ಕೈಯಾಡಿಸಿದಂತೆ. ಮೊದಲು ಮೂರು ಸಲ ಅಳೆದರೂ 1 ಮಿ.ಮೀ. ಒಳಗೆ ಬರೋ ಹಾಗೆ ಮಾಡಿಕೊಳ್ಳಿ.

ನೀವು ಎಡವಿರೋದು ಎರಡು ಕಡೆ. ಜ್ಯಾಕ್ ಇಳಿಸಿದ ತಕ್ಷಣ ಟೈರುಗಳು ನೆಲ ಕಚ್ಚಿಕೊಂಡು ಅರೆಬರೆ ತಿರುಗಿದ ಸ್ಥಿತಿಯಲ್ಲೇ ನಿಂತುಬಿಡುತ್ತವೆ, ಆಗ ಅಳೆದರೆ ಸುಳ್ಳು. ಗಾಡಿಯನ್ನು ಎರಡು ಮೂರು ಮೀಟರ್ ಮುಂದಕ್ಕೆ ತಳ್ಳಿ ನಿಲ್ಲಿಸಿ. ಮುಂದಕ್ಕೆ ಮಾತ್ರ, ಹಿಂದಕ್ಕೆ ತಳ್ಳಿದರೆ ಜಾಯಿಂಟ್‌ಗಳಲ್ಲಿರೋ ಸಡಿಲ ಬೇರೆ ಕಡೆಗೆ ವಾಲುತ್ತೆ. ಎರಡನೇದು, ರಿಮ್ ಸ್ವಲ್ಪ ಸೊಟ್ಟಗಿದ್ದರೂ ಅಳತೆ ಕೆಡುತ್ತೆ.

ನಾನು ಮಾಡೋದು ಹೀಗೆ. ಟೈರ್ ಗಾಳಿ ಎರಡೂ ಕಡೆ ಸಮ ಮಾಡ್ತೀನಿ. ಹಿಂದಿನ ಚಕ್ರಕ್ಕೆ ಅಡೆ ಕೊಟ್ಟು, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಟ್ಟು ಮುಂಭಾಗ ಎತ್ತುತ್ತೀನಿ. ಬರೀ ಜ್ಯಾಕ್ ನಂಬಿ ಕೆಳಗೆ ತೂರಬೇಡಿ. ಟ್ರೆಡ್ಡಿನ ಮಧ್ಯೆ ಸುತ್ತಲೂ ಸೀಮೆಸುಣ್ಣ ಬಳಿದು, ಮರದ ತುಂಡಿಗೆ ಹೊಡೆದ ಮೊಳೆಯನ್ನು ನೆಲದ ಮೇಲೆ ಅಲುಗದಂತೆ ಹಿಡಿದು ಚಕ್ರ ತಿರುಗಿಸಿದರೆ ಸಣ್ಣ ಗೆರೆ ಬೀಳುತ್ತೆ. ರಿಮ್ ಸೊಟ್ಟಗಿದ್ದರೂ ಆ ಗೆರೆ ಚಕ್ರ ತಿರುಗೋ ದಾರಿಯಲ್ಲೇ ಇರುತ್ತೆ. ಎರಡೂ ಟೈರಿಗೆ ಗೆರೆ ಹಾಕಿ ಇಳಿಸಿ, ಸ್ಟೇರಿಂಗ್ ನೇರ ಇಟ್ಟು ಮುಂದಕ್ಕೆ ತಳ್ಳಿ.

ಹಿಂಭಾಗದಲ್ಲಿ ಹಬ್‌ನ ಎತ್ತರಕ್ಕೆ ಟೇಪ್ ಎಳೆಯೋಕೆ ಎಂಜಿನ್ ಚೇಂಬರ್, ಚಾಸಿ ಅಡ್ಡ ಬರುತ್ತೆ. ಅದಕ್ಕೆ ತೂಗುಗುಂಡು ಬಳಸಿ. ಹಬ್‌ನ ಎತ್ತರದಲ್ಲಿ ಗೆರೆಗೆ ದಾರ ಹಿಡಿದು, ಗುಂಡು ಅಲ್ಲಾಡೋದು ನಿಂತ ಮೇಲೆ ನೆಲಕ್ಕೆ ಚುಕ್ಕೆ ಇಡಿ. ಮುಂದೆ ಎರಡು, ಹಿಂದೆ ಎರಡು. ಗಾಡಿ ಪಕ್ಕಕ್ಕೆ ತೆಗೆದು ಚುಕ್ಕೆಗಳ ಅಂತರ ಅಳೆಯಿರಿ. ಮುಂದಿನ ಅಂತರ ಕಮ್ಮಿ ಇದ್ದರೆ ಟೋ-ಇನ್.

ನಿಮ್ಮ ಗಾಡಿಯ ಪುಸ್ತಕದಲ್ಲಿರೋ ಅಳತೆಯೇ ಅಂತಿಮ. ಡಿಗ್ರಿಯಲ್ಲಿ ಕೊಟ್ಟಿದ್ದರೆ, 760 ಮಿ.ಮೀ. ಟೈರಿಗೆ ಒಟ್ಟು 0.2 ಡಿಗ್ರಿ ಅಂದರೆ ಸುಮಾರು 2.7 ಮಿ.ಮೀ. ಇಂಥ ಗಾಡಿಗಳಿಗೆ ಸಾಮಾನ್ಯವಾಗಿ 1.5ರಿಂದ 3 ಮಿ.ಮೀ. ಟೋ-ಇನ್ ಇರುತ್ತೆ.

ಉತ್ತರ 3

ಗಾಡಿ ಅಲೆಯೋದಕ್ಕೆ ಕ್ಯಾಸ್ಟರ್ (ಚಕ್ರ ಎಡಬಲ ತಿರುಗೋ ಅಕ್ಷ ಹಿಂದಕ್ಕೆ ವಾಲಿರೋ ಕೋನ) ಕಮ್ಮಿಯಾಗಿರೋದೂ ಕಾರಣ ಆಗಬಹುದಲ್ವಾ? ಲೀಫ್ ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ 2 ಡಿಗ್ರಿ ವೆಡ್ಜ್ (ಓರೆ ಬಿಲ್ಲೆ) ಹಾಕಿ ನೋಡಿ.

ಉತ್ತರ 2

ಆಗಬಹುದು ಸರ್, ಆದರೆ ಇವರ ಗಾಡಿ ಎಂಡ್ ಬದಲಿಸೋವರೆಗೆ ನೆಟ್ಟಗೇ ಓಡುತ್ತಿತ್ತು. ಕೈ ಹಾಕಿದ ಜಾಗ ಬಿಟ್ಟು ಬೇರೆ ಕಡೆ ಹುಡುಕೋದು ಬೇಡ. ವೆಡ್ಜ್ ಹಾಕಿದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕೋನವೂ ಬದಲಾಗುತ್ತೆ, ಅದು ಇನ್ನೊಂದು ತಲೆನೋವು.

ಅದಕ್ಕಿಂತ ಮುಂಚೆ ನೋಡಬೇಕಾದದ್ದು ಪ್ಲೇ. ಚಕ್ರ ಎತ್ತಿ ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ: ಸದ್ದು ಬಂದರೆ ತಪ್ಪು ವೀಲ್ ಬೇರಿಂಗ್‌ನದು ಇರಬಹುದು, ಅಥವಾ ಚಕ್ರ ಎಡಬಲ ತಿರುಗೋ ಕೀಲಿನದು (ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್) ಇರಬಹುದು. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಾಗ ಅಲುಗಾಟ ನಿಂತರೆ ಬೇರಿಂಗ್ ಅಂತ ತಿಳಿಯಿರಿ. ಆಮೇಲೆ ಗಾಡಿ ಇಳಿಸಿ, ಅವರಿಂದ ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಆಡಿಸಿ, ಒಂದೊಂದು ಜಾಯಿಂಟ್ ಮೇಲೂ ಬೆರಳಿಟ್ಟು ನೋಡಿ. ಕಣ್ಣಿಗೆ ಕಾಣದ ಪ್ಲೇ ಬೆರಳಿಗೆ ಗೊತ್ತಾಗುತ್ತೆ.

ಪ್ರಶ್ನೆ ಕೇಳಿದವರು

ಪ್ಲೇ ಎಲ್ಲೂ ಇಲ್ಲ. ತೂಗುಗುಂಡು ಹಿಡಿದು ಮೂರು ಸಲ ಅಳೆದೆ: ಮುಂದೆ 1536, ಹಿಂದೆ 1529, ಆಮೇಲೆ 1535, 1529, ಕೊನೆಗೆ ಮತ್ತೆ 1536, 1529. ಅಂದರೆ 7 ಮಿ.ಮೀ. ಟೋ-ಔಟ್. ಉತ್ತರ 1ರಲ್ಲಿ ಹೇಳಿದ ಒಂದು ಸುತ್ತಿನ ಲೆಕ್ಕ ನೋಡಿ ಮೈ ಜುಮ್ಮೆಂದಿತು. ಈಗ ಯಾವ ಕಡೆ, ಎಷ್ಟು ತಿರುಗಿಸಲಿ?

ಉತ್ತರ 1

ನಿಮ್ಮ ಟೈ ರಾಡ್ ಆಕ್ಸಲ್ ಹಿಂದಿದೆ, ಹಾಗಾಗಿ ಉದ್ದ ಮಾಡಿದರೆ ಟೋ-ಇನ್ ಕಡೆಗೆ ಹೋಗುತ್ತೆ. (ಮುಂದಿದ್ದರೆ ಉಲ್ಟಾ, ಬೇರೆ ಗಾಡಿಯವರು ಓದುತ್ತಿದ್ದರೆ ಗಮನಿಸಿ.) ಅಡ್ಜಸ್ಟರ್ ಸ್ಲೀವ್‌ನ (ಟೈ ರಾಡ್ ಉದ್ದ ಬದಲಿಸೋ ಕೊಳವೆ) ಒಂದು ತುದಿ ಎಡ ಥ್ರೆಡ್, ಇನ್ನೊಂದು ಬಲ ಥ್ರೆಡ್. ಒಂದು ಸುತ್ತಿಗೆ ಉದ್ದ 3 ಮಿ.ಮೀ. ಬದಲಾಗುತ್ತೆ, ಟೈರಿನಲ್ಲಿ ಸುಮಾರು 14 ಮಿ.ಮೀ. 7 ಮಿ.ಮೀ. ಟೋ-ಔಟ್ ಹೋಗಿ ಸುಮಾರು 3 ಟೋ-ಇನ್ ಬರಬೇಕು, ಹಾಗಾಗಿ ನಿಮಗೆ ಬೇಕಿರೋದು 10 ಮಿ.ಮೀ. ಹತ್ತಿರ, ಅಂದರೆ ಮುಕ್ಕಾಲು ಸುತ್ತಿಗಿಂತ ಚೂರು ಕಮ್ಮಿ. ಮೊದಲು ಅರ್ಧ ಸುತ್ತು ತಿರುಗಿಸಿ, ಮುಂದಕ್ಕೆ ತಳ್ಳಿ, ಅಳೆದು ಮುಂದುವರಿಯಿರಿ.

ಸ್ಲೀವ್ ತಿರುಗದೆ ಕಚ್ಚಿಕೊಂಡಿದ್ದರೆ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ. ಕ್ಲ್ಯಾಂಪ್ ಬಿಗಿ ಮಾಡುವಾಗ ಎರಡೂ ಎಂಡ್ ಒಂದೇ ಓರೆಯಲ್ಲಿ ಕೂತಿರಬೇಕು. ಟೈ ರಾಡನ್ನು ಕೈಯಲ್ಲಿ ಹೊರಳಿಸಿದರೆ ಹಿಂದೆ ಮುಂದೆ ಸಮನಾಗಿ ಆಡಬೇಕು. ಕ್ಲ್ಯಾಂಪ್ ಬೋಲ್ಟ್ ಯಾವುದಕ್ಕೂ ತಾಗದ ಹಾಗೆ ತಿರುಗಿಸಿಡಿ. ಎಂಡ್ ನಟ್ ಬಿಚ್ಚಿದ್ದಿರಲ್ಲ, ಕಾಟರ್ ಪಿನ್ (ನಟ್ ಸಡಿಲಾಗದಂತೆ ತೂರಿಸಿ ಬಗ್ಗಿಸೋ ಪಿನ್) ಹೊಸದು ಹಾಕಿದ್ದೀರಾ ನೋಡಿ. ಪಿನ್ ತೂತಿಗೆ ನಟ್ ಹೊಂದದಿದ್ದರೆ ಇನ್ನಷ್ಟು ಬಿಗಿ ಮಾಡಿ ಹೊಂದಿಸಬೇಕು, ಸಡಿಲ ಮಾಡಿ ಅಲ್ಲ.

ಇಷ್ಟಾದ ಮೇಲೂ ಸ್ಟೇರಿಂಗ್ ಓರೆ ಉಳಿದರೆ ಡ್ರ್ಯಾಗ್ ಲಿಂಕ್‌ನಲ್ಲಿ (ಸ್ಟೇರಿಂಗ್ ಬಾಕ್ಸ್‌ನಿಂದ ಚಕ್ರದ ಕಡೆಗೆ ಹೋಗೋ ಸರಳು) ನೇರ ಮಾಡಿ.

ಪ್ರಶ್ನೆ ಕೇಳಿದವರು

ಮುಗೀತು! ಅರ್ಧ ಸುತ್ತು, ಆಮೇಲೆ ಇನ್ನೊಂದು ಚೂರು. ಈಗ ಮುಂದೆ 1531, ಹಿಂದೆ 1534. ಕಾಟರ್ ಪಿನ್ ಒಂದು ಕಡೆ ಹಳೇದೇ ಇತ್ತು, ಬದಲಿಸಿದೆ. ಸ್ಟೇರಿಂಗ್ ಮುಕ್ಕಾಲು ಭಾಗ ತಾನೇ ನೆಟ್ಟಗಾಯಿತು, ಉಳಿದದ್ದಕ್ಕೆ ಡ್ರ್ಯಾಗ್ ಲಿಂಕ್ ಸ್ವಲ್ಪ ತಿರುಗಿಸಬೇಕಾಯಿತು. ಇವತ್ತು ಅರ್ಧ ಗಂಟೆ ಓಡಿಸಿ ಬಂದೆ, ಅಲೆದಾಟ ಪೂರ್ತಿ ನಿಂತಿದೆ. ನಿಮ್ಮೆಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ.

ಉತ್ತರ 2

ತುಂಬಾ ಸಂತೋಷ ಸರ್. ಒಂದು ವಾರ ಓಡಿಸಿದ ಮೇಲೆ ಸ್ಲೀವ್ ಕ್ಲ್ಯಾಂಪ್‌ಗಳ ಬಿಗಿ ಇನ್ನೊಮ್ಮೆ ನೋಡಿ. ಟ್ರೆಡ್ಡಿನ ಹಲ್ಲು ಕೂಡಲೇ ಹೋಗಲ್ಲ, ಓಡುತ್ತಾ ಓಡುತ್ತಾ ತಗ್ಗಬೇಕು. ಜಾಸ್ತಿ ಆಗ್ತಿದೆ ಅನ್ನಿಸಿದರೆ ಮತ್ತೆ ಗೆರೆ ಹಾಕಿ ಅಳೆಯಿರಿ.