ಸಹಾಯ ಬೇಕು: ಅರ್ಧ ಥ್ರಾಟಲ್‌ನಲ್ಲಿ ಮುಗ್ಗರಿಸುವ ಎಂಜಿನ್

ಎಲ್ಲರಿಗೂ ನಮಸ್ಕಾರ. ನನ್ನದು ಕಾರ್ಬ್ಯುರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ) ಇರುವ 150 ಸಿಸಿಯ ಹಳೆಯ ಒಂಟಿ ಸಿಲಿಂಡರ್ ಬೈಕ್. ಇನ್ನಷ್ಟು ಎಳೆತ ಸಿಗಲಿ ಎಂದು ಏರ್ ಫಿಲ್ಟರ್ ಮತ್ತು ಸೈಲೆನ್ಸರ್ ಎರಡನ್ನೂ ಒಮ್ಮೆಗೇ ಬದಲಿಸಿದೆ. ಒಂದೊಂದಾಗಿ ಮಾಡಬೇಕಿತ್ತು, ಆತುರ ಬಿಡಲಿಲ್ಲ.

ಮೇನ್ ಜೆಟ್ (ಪೂರ್ತಿ ಥ್ರಾಟಲ್‌ನಲ್ಲಿ ಪೆಟ್ರೋಲ್ ಬಿಡುವ ಸಣ್ಣ ರಂಧ್ರದ ತುಣುಕು) 110 ಇದ್ದದ್ದನ್ನು 115ಕ್ಕೆ ಏರಿಸಿದ ಮೇಲೆ ಪೂರ್ತಿ ಥ್ರಾಟಲ್‌ನಲ್ಲಿ ಓಟ ಚೆನ್ನಾಗಿದೆ. ತೊಂದರೆ ಇರುವುದು ನಡುವಿನಲ್ಲಿ: ಕಾಲು ಭಾಗದಿಂದ ಅರ್ಧದವರೆಗೆ ತಿರುಗಿಸಿದಾಗ ಎಂಜಿನ್ ಒಂದು ಕ್ಷಣ ಉಸಿರುಗಟ್ಟಿದಂತೆ ತಡವರಿಸುತ್ತದೆ. ಥ್ರಾಟಲ್ ಬಿಟ್ಟರೆ ಸೈಲೆನ್ಸರ್‌ನಲ್ಲಿ ಪಟಪಟ ಸಿಡಿತ. ಸ್ಪಾರ್ಕ್ ಪ್ಲಗ್ ತೆಗೆದು ನೋಡಿದರೆ ತುದಿ ಸುಣ್ಣದಂತೆ ಬಿಳಿ. ಮಿಶ್ರಣದಲ್ಲಿ ಪೆಟ್ರೋಲ್ ಪಾಲು ಹೆಚ್ಚಿಸುವ ಚೋಕ್ ಸ್ವಲ್ಪ ಎಳೆದರೆ ತಡವರಿಕೆ ಮಾಯ! ಹಾಗಾಗಿ ಪೆಟ್ರೋಲ್ ಕಡಿಮೆ ಬೀಳುತ್ತಿದೆ ಎಂಬುದು ನನ್ನ ಊಹೆ.

ವಾಲ್ವ್ ಅಂತರವನ್ನು ಎಂಜಿನ್ ತಣ್ಣಗಿರುವಾಗಲೇ ಕೈಪಿಡಿಯಂತೆ ಹೊಂದಿಸಿದ್ದೇನೆ. ಇನ್‌ಟೇಕ್ ರಬ್ಬರಿನಲ್ಲಿ ಬಿರುಕಿಲ್ಲ.

ಕಾರ್ಬ್ಯುರೇಟರ್‌ನೊಳಗೆ ಪೆಟ್ರೋಲ್ ಹರಿವನ್ನು ನಿಯಂತ್ರಿಸುವ ಸೂಜಿಯ ಕ್ಲಿಪ್ ಈಗ ಐದರಲ್ಲಿ ಮೂರನೆಯ ಗೀರಿನಲ್ಲಿದೆ. ಅದನ್ನು ಒಂದು ಗೀರು ಕೆಳಗಿಳಿಸಿದರೆ ಸೂಜಿ ಮೇಲೇರಿ ನಡುವಿನ ಹಂತಕ್ಕೆ ಹೆಚ್ಚು ಪೆಟ್ರೋಲ್ ಸಿಗುತ್ತದೆ, ಸರಿಯೇ? ಆದರೆ ಥ್ರಾಟಲ್ ಬಿಟ್ಟಾಗಿನ ಸಿಡಿತಕ್ಕೆ ಪೈಲಟ್ ಜೆಟ್ (ಥ್ರಾಟಲ್ ಮುಚ್ಚಿರುವಾಗ ಪೆಟ್ರೋಲ್ ಬಿಡುವ ಜೆಟ್) ಕಾರಣವಿರಬಹುದಲ್ಲವೇ? ಮೊದಲು ಯಾವುದನ್ನು ಮುಟ್ಟಲಿ?

ಇಗ್ನಿಷನ್ ಟೈಮಿಂಗ್ ಅಡ್ವಾನ್ಸ್ ಮಾಡು, ಅಂದರೆ ಪ್ಲಗ್‌ನ ಕಿಡಿ ಇನ್ನೂ ಬೇಗ ಹಾರುವಂತೆ ಮಾಡು ಎಂದು ಗೆಳೆಯನೊಬ್ಬ ಹೇಳುತ್ತಿದ್ದಾನೆ. ಮಿಶ್ರಣವೇ ಸರಿಯಿಲ್ಲದಿರುವಾಗ ಅದನ್ನು ಮಾಡಿ ಪಿಸ್ಟನ್ ಸುಟ್ಟುಕೊಳ್ಳುವ ಧೈರ್ಯ ನನಗಿಲ್ಲ. ಇದೇ ಪಾಡು ಪಟ್ಟು ಸರಿಪಡಿಸಿಕೊಂಡವರು ಯಾವ ಕ್ರಮದಲ್ಲಿ ಹೊಂದಿಸಿದಿರಿ ಎಂದು ದಯವಿಟ್ಟು ತಿಳಿಸಿ. ಪ್ಲಗ್‌ನ ಚಿತ್ರ ಬೇಕಿದ್ದರೆ ಹಾಕುತ್ತೇನೆ.